ನಾಣ್ಯದ ಆಲ್ಬಮ್ ರೇನ್‌ಕೋಟ್ ವಾಸನೆ ಹೊಡೆದರೆ ಕೊಳ್ಳಬೇಡಿ

ನಮ್ಮಜ್ಜ ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ತಿಜೋರಿಯಲ್ಲಿಟ್ಟ ನಾಣ್ಯಗಳು ಐವತ್ತು ವರ್ಷ ಹಾಗೇ ಇದ್ದವು. ನನ್ನ ಕೈಗೆ ಬಂದ ನಾಲ್ಕೇ ವರ್ಷಕ್ಕೆ ಹಾಳಾದವು. ಅದೂ ನಾನು ಜೋಪಾನ ಮಾಡಲು ಹೋಗಿ!

ಐದನೇ ಜಾರ್ಜ್ ರಾಜನ ಏಳು ಬೆಳ್ಳಿ ರೂಪಾಯಿ, ನಡುವೆ ತೂತಿರುವ 1943ರ ಪೈಸೆಗಳು, 1957ರ ಕಂಚಿನ ನಯಾ ಪೈಸೆ ಒಂದಿಷ್ಟು. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾದ 1911ರ ರೂಪಾಯಿ ನಮ್ಮಲ್ಲಿಲ್ಲ. ಇದ್ದಿದ್ದರೆ ಅದನ್ನೂ ಕೆಡಿಸುತ್ತಿದ್ದೆ, ಬಿಡಿ.

ಹುಬ್ಬಳ್ಳಿ ಪೇಟೆಯ ಅಂಗಡಿಯೊಂದರಲ್ಲಿ ಆಲ್ಬಮ್ ತಗೊಂಡೆ. ಮೆತ್ತಗಿನ ಹಾಳೆ, ಗಾಜಿನಂತೆ ಹೊಳಪು. ತೆರೆದ ಕೂಡಲೇ ಹೊಸ ರೇನ್‌ಕೋಟ್ ವಾಸನೆ. "ಹೊಸಾ ಮಾಲ್ ರೀ ಸರ, ಅದಕ್ಕ ಹಂಗ ವಾಸನಿ" ಅಂದರು. ನಾನೂ ನಂಬಿದೆ.

ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ನಾಲ್ಕನೇ ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಪೈಸೆಗಳ ಮೇಲೆ ಹಸಿರು. ತಾಮ್ರಕ್ಕೆ ಕಿಲುಬು ಹಿಡಿಯೋದು ಸಹಜ ಅಲ್ವಾ ಅಂದುಕೊಂಡೆ. ಆದರೆ ಇದು ಒಣಗಿದ ಕಿಲುಬಲ್ಲ, ಬೆರಳಿಗೆ ಜಿಗುಟಾಗಿ ಅಂಟುತ್ತಿತ್ತು. ಬೆಳ್ಳಿ ರೂಪಾಯಿಗಳ ಮೇಲೂ ಇತ್ತು.

ಆ ಹಾಳೆ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ. ಅದನ್ನು ಬಾಗುವಂತೆ ಮಾಡಲು ಒಂದು ಬಗೆಯ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಕಾಲ ಕಳೆದಂತೆ ಅದು ಹೊರಗೆ ಜಿನುಗುತ್ತದೆ. ಪ್ಲಾಸ್ಟಿಕ್ ಹಳತಾಗುತ್ತಾ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಸೆಕೆ, ತೇವ ಸೇರಿದರೆ ಈ ಕೆಲಸ ಇನ್ನೂ ಬೇಗ. ಆಮ್ಲ ಲೋಹವನ್ನೇ ತಿನ್ನುತ್ತದೆ.

ಎರಡನೇ ತಪ್ಪು ಪೂರಾ ನನ್ನದೇ. ಗಾಬರಿಯಲ್ಲಿ ಎರಡು ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಪಳಪಳ ಹೊಳೆದವು. ಸಂಗ್ರಹ ಮಾಡುವ ಗೆಳೆಯರೊಬ್ಬರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಉಜ್ಜಿದ ಗೀರು ಹೋಗುವುದಿಲ್ಲ, ಬೆಲೆಯೂ ಮತ್ತೆ ಬರುವುದಿಲ್ಲ. ಈಗ ಅವು ಬರೀ ತೂಕದ ಬೆಳ್ಳಿ, ತಲಾ 11.66 ಗ್ರಾಂ.

ಉಳಿದವನ್ನು ಅವರೇ ಉಳಿಸಿಕೊಟ್ಟರು. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯ ಮುಳುಗಿಸಿಟ್ಟರು, ಉಜ್ಜಲಿಲ್ಲ. ಅಂಟು ಕರಗಿತು, ಆದರೆ ಅಡಿಯಲ್ಲಿ ಆಮ್ಲ ತಿಂದ ಗುಳಿ ಹಾಗೇ ಉಳಿಯಿತು. ಉಗುರುಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಬಣ್ಣ, ಎಣ್ಣೆ, ಪರಿಮಳ ಎಲ್ಲಾ ಇರುತ್ತದೆ. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಕೊಳ್ಳುವಾಗ ಮೈಲಾರ್ (ಒಂದು ಬಗೆಯ ತೆಳು ಪಾಲಿಯೆಸ್ಟರ್ ಹಾಳೆ), ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಎಂದು ಬರೆದದ್ದನ್ನೇ ಕೇಳಿ. ಮೈಲಾರ್ ಕಿಟಕಿ ಇರುವ ಚೌಕ ರಟ್ಟಿನ ಹೋಲ್ಡರ್ ಅಗ್ಗ, ಸಾಕು ಕೂಡ. ಅದರ ಸ್ಟೇಪ್ಲರ್ ಪಿನ್ ಚಪ್ಪಟೆ ಮಾಡಿಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ. ಅನುಮಾನ ಬಂದರೆ ಹಾಳೆಯ ಚೂರೊಂದನ್ನು ನೀರಿನಲ್ಲಿ ಮುಳುಗಿಸಿ ಬಿಡಿ. ತೇಲಿ ಮೇಲೆ ಬಂದರೆ ಪಿವಿಸಿ ಅಲ್ಲ. ಮುಳುಗಿದರೆ ಮಾತ್ರ ತೀರ್ಮಾನ ಕಷ್ಟ, ಯಾಕೆಂದರೆ ಮೈಲಾರ್ ಕೂಡ ಮುಳುಗುತ್ತದೆ. ಆಗ ಮೂಗು, ಬೆರಳು ನಂಬಿ: ಮೈಲಾರ್ ಗರಿಗರಿ, ವಾಸನೆ ಇರುವುದಿಲ್ಲ. ಹಾಂ, ರಬ್ಬರ್ ಬ್ಯಾಂಡ್, ನ್ಯೂಸ್‌ಪೇಪರ್ ಬೆಳ್ಳಿಯ ಹತ್ತಿರವೂ ಬೇಡ. ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಆ ಆಲ್ಬಮ್ ಇನ್ನೂ ಬಿಸಾಡಿಲ್ಲ. ಖಾಲಿಯಾಗಿ ಅಟ್ಟದ ಮೇಲಿದೆ, ವಾಸನೆ ಹಾಗೇ ಇದೆ. ಧಾರವಾಡದ ಕಡೆ ಬಂದರೆ ಹೇಳಿ, ಮೂಸಿ ನೋಡಲು ಕೊಡುತ್ತೇನೆ.