ಮಾರುತಿ ಜಿಪ್ಸಿಗೆ ಸ್ಟೇನ್‌ಲೆಸ್ ಎಕ್ಸಾಸ್ಟ್ ಕಿಟ್: ಹೆಡರ್ ಚೆನ್ನ, ಪೈಪಿನ ಅಳತೆ ನೋಡಿ ಕೊಳ್ಳಿ

ಜಿಪ್ಸಿ ತಯಾರಿಕೆ ನಿಂತು ವರ್ಷಗಳಾದವು. ಆದರೂ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಅದರ ಓಡಾಟ ನಿಂತಿಲ್ಲ. ಎಂಜಿನ್ ಗಟ್ಟಿ, ಮಳೆಗಾಲದ ಕೆಸರಿಗೆ ಮೊದಲು ಸೋಲುವುದು ಸೈಲೆನ್ಸರ್. ಹೇಗೂ ಬದಲಿಸಬೇಕಲ್ಲ ಅಂತ ಅನೇಕರು ಸ್ಟೇನ್‌ಲೆಸ್ ಕಿಟ್ ಕಡೆ ತಿರುಗುತ್ತಾರೆ. ಇಲ್ಲಿ ನೋಡಿರುವುದು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಜಿಪ್ಸಿಗೆ ಫ್ಯಾಬ್ರಿಕೇಟರ್‌ಗಳು ಮಾಡಿಕೊಡುವ 304 ದರ್ಜೆಯ ಸ್ಟೇನ್‌ಲೆಸ್ ಕಿಟ್: 4-2-1 ಹೆಡರ್ (ಎಂಜಿನ್‌ನಿಂದ ಬರುವ ನಾಲ್ಕು ಕೊಳವೆ ಎರಡಾಗಿ, ಆಮೇಲೆ ಒಂದಾಗುವ ಭಾಗ), ಬಾಗುವ ಫ್ಲೆಕ್ಸ್ ಪೈಪ್, ಸದ್ದು ತಗ್ಗಿಸುವ ರೆಸೊನೇಟರ್ ಮತ್ತು ಮಫ್ಲರ್ (ಸೈಲೆನ್ಸರ್), ಟೇಲ್ ಪೈಪ್. ಕ್ಯಾಟ್, ಅಂದರೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಕಂಪನಿಯದೇ ಉಳಿಯುತ್ತದೆ.

ಮೊದಲು ಪೈಪಿನ ದಪ್ಪದ ಮಾತು, ಏಕೆಂದರೆ ದುಡ್ಡು ಹಾಳಾಗುವುದೇ ಇಲ್ಲಿ. ಈ 1298 ಸಿಸಿ ಎಂಜಿನ್ 6000 ಆರ್‌ಪಿಎಂನಲ್ಲಿ 80 ಬಿಎಚ್‌ಪಿ ಕೊಡುತ್ತದೆ. ಇದಕ್ಕೆ 44.5 ಮಿ.ಮೀ., ಅಂದರೆ ಒಂದೂಮುಕ್ಕಾಲು ಇಂಚಿನ ಪೈಪು ಧಾರಾಳ. ಅಂಗಡಿಗಳಲ್ಲಿ ಎರಡೂವರೆ ಇಂಚು ಹಾಕಿಸಿ ಎನ್ನುತ್ತಾರೆ. ಗೋಡೆ ದಪ್ಪ 1.5 ಮಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ, ಒಳಗಿನ ದಾರಿಯ ಕ್ಷೇತ್ರಫಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಹೊಗೆಯ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒಂದು ಸಿಲಿಂಡರಿನ ಹೊಗೆ ಓಡುವ ರಭಸವೇ ಮುಂದಿನದನ್ನು ಎಳೆದುಕೊಳ್ಳಬೇಕು. ಆ ರಭಸ ಹೋದರೆ 1500ರಿಂದ 2500 ಆರ್‌ಪಿಎಂನೊಳಗಿನ ಎಳೆತ ಸಪ್ಪೆಯಾಗುತ್ತದೆ. ಲೋ ರೇಂಜ್ (ಫೋರ್ ವೀಲ್ ಡ್ರೈವ್‌ನ ನಿಧಾನದ ಗೇರ್) ಹಾಕಿ ಕೆಸರಿನ ಏರು ಹತ್ತುವಾಗ ಬೇಕಾಗುವುದು ಅದೇ ಎಳೆತ. "ಬ್ಯಾಕ್ ಪ್ರೆಶರ್ ಇದ್ದರೇ ಟಾರ್ಕ್" ಎಂಬ ಮಾತು ತಪ್ಪು. ಬೇಕಿರುವುದು ತಡೆಯಲ್ಲ, ವೇಗ.

ಹೆಡರ್ ಈ ಕಿಟ್‌ನ ಒಳ್ಳೆಯ ಭಾಗ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2 ಆದ್ದರಿಂದ 1 ಮತ್ತು 4, 2 ಮತ್ತು 3ರ ಕೊಳವೆಗಳು ಜೋಡಿಯಾಗಬೇಕು. ಕೊಳ್ಳುವ ಮೊದಲು ಬೆರಳಿಟ್ಟು ಎಣಿಸಿ. ಆಮೇಲೆ ಟಾರ್ಚ್ ಬೆಳಕು ಬಿಟ್ಟು ವೆಲ್ಡ್‌ನ ಒಳಬದಿ ನೋಡಿ. ಹೊರಗೆ ಹೊಂಬಣ್ಣದಲ್ಲಿ ಹೊಳೆಯುವ ವೆಲ್ಡ್‌ಗೆ ಒಳಗೆ ಸುಟ್ಟ ಸಕ್ಕರೆಯಂಥ ಕಪ್ಪು ಹರಳು ಕಟ್ಟಿದ್ದರೆ, ಪೈಪಿನೊಳಗೆ ಆರ್ಗಾನ್ ತುಂಬದೆ ಬೆಸೆದಿದ್ದಾರೆ ಎಂದರ್ಥ. ಬಿರುಕು ಅಲ್ಲಿಂದಲೇ ಶುರು. ಅಂಥದ್ದನ್ನು ವಾಪಸ್ ಕೊಟ್ಟುಬಿಡಿ. 304ಕ್ಕೆ 304 ಬೆಸೆಯಲು 308ಎಲ್ ತಂತಿ ಸರಿ. ಕ್ಯಾಟ್ ಕಡೆಯ ಮಾಮೂಲಿ ಕಬ್ಬಿಣದ ಫ್ಲೇಂಜಿಗೆ ಕೂಡಿಸುವಲ್ಲಿ 309ಎಲ್ ಬೇಕು.

ಬಿಚ್ಚುವ ಕೆಲಸಕ್ಕೆ ಅವಸರ ಬೇಡ. ಹಿಂದಿನ ರಾತ್ರಿಯೇ, ಎಕ್ಸಾಸ್ಟನ್ನು ಎಂಜಿನ್‌ಗೆ ಹಿಡಿದಿಡುವ ಸ್ಟಡ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ಟು ಬಿಗಿಯಾಗಿ ಕೂತಿದ್ದರೆ ಒಂದು ಚೂರು ಸಡಿಲಿಸಿ, ಮತ್ತೆ ಬಿಗಿಸಿ, ಮತ್ತೆ ಸಡಿಲಿಸುತ್ತಾ ಬನ್ನಿ. ಸಿಲಿಂಡರ್ ಹೆಡ್ ಅಲ್ಯುಮಿನಿಯಂ, ಎಂ8 ಸ್ಟಡ್ ಅದರೊಳಗೆ ಮುರಿದರೆ ಡ್ರಿಲ್ ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಕೂರಿಸುವವರೆಗೂ ಗಾಡಿ ನಿಂತಲ್ಲೇ. ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ 20ರಿಂದ 23 ಎನ್‌ಎಂ (ನ್ಯೂಟನ್ ಮೀಟರ್) ಬಿಗಿಸಿ. ನಾಲ್ಕೈದು ಬಾರಿ ಕಾದು ತಣಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಲೇಬೇಕು.

ಹೀಗೆ ಮತ್ತೆ ಬಿಗಿಸದಿದ್ದರೆ ಆಗುವ ತೊಂದರೆ ಬರೀ ಸದ್ದಿನದಲ್ಲ. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್‌ಗಿಂತ ಮುಂಚೆ ಕೂದಲೆಳೆಯಷ್ಟು ಲೀಕ್ ಇದ್ದರೂ, ಹೊಗೆ ಬಡಿತಗಳ ನಡುವೆ ಹೊರಗಾಳಿ ಒಳಕ್ಕೆ ನುಸುಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಓದಿ ಪೆಟ್ರೋಲ್ ಕಡಿಮೆ ಅಂತ ಹೇಳುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ, ದೂರು ಮಾತ್ರ ಇಂಜೆಕ್ಟರ್ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಮಾಯವಾಗುವ ಸದ್ದು ಸಾಮಾನ್ಯವಾಗಿ ಈ ಲೀಕಿನದು. ತಣ್ಣಗಿರುವಾಗಲೇ ಟೇಲ್ ಪೈಪಿಗೆ ಬಟ್ಟೆ ಒತ್ತಿಹಿಡಿದು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ.

ಕಿಟ್ ಸೋಲುವುದು ಹ್ಯಾಂಗರ್‌ಗಳಲ್ಲಿ, ಅಂದರೆ ಪೈಪನ್ನು ಚಾಸಿಗೆ ತೂಗುಹಾಕುವ ಕೊಂಡಿಗಳಲ್ಲಿ. 304 ಕಾದಾಗ ಮಾಮೂಲಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ: 300 ಡಿಗ್ರಿ ಏರಿದರೆ ಮೀಟರಿಗೆ ಸುಮಾರು 5 ಮಿ.ಮೀ., ಮಾಮೂಲಿ ಉಕ್ಕು ಮೂರೂವರೆ. ಹ್ಯಾಂಗರನ್ನು ಚಾಸಿಗೆ ನೇರ ಬೋಲ್ಟ್ ಮಾಡಿದರೆ ಆ ಹಿಗ್ಗೆಲ್ಲ ಹೆಡರ್ ಕತ್ತಿನ ಮೇಲೆ ಬೀಳುತ್ತದೆ. ಎಲ್ಲ ಕಡೆ ರಬ್ಬರ್ ಇರಲಿ, ತಣ್ಣಗಿರುವಾಗ ರಬ್ಬರ್ ತುಸು ಮುಂದಕ್ಕೆ ವಾಲಿರಲಿ. ಫ್ಲೆಕ್ಸ್ ಪೈಪನ್ನು ಎಳೆದು, ತಿರುಚಿ ಕೂರಿಸಬಾರದು.

ಹಿಂದಿನ ಆಕ್ಸಲ್ ದಾಟುವ ಬೆಂಡ್ ಇನ್ನೊಂದು ತಲೆನೋವು. ಲಿಫ್ಟ್ ಮೇಲೆ ಚಕ್ರ ನೇತಾಡುವಾಗ ಜಾಗ ಬೇಕಾದಷ್ಟು ಕಾಣುತ್ತದೆ. ನಿಜ ಗೊತ್ತಾಗಬೇಕಾದರೆ ಒಂದು ಹಿಂದಿನ ಚಕ್ರವನ್ನು ದಿಬ್ಬ ಹತ್ತಿಸಿ ಲೀಫ್ ಸ್ಪ್ರಿಂಗ್ ಪೂರ್ತಿ ಒತ್ತಿಸಿ, ಆಮೇಲೆ ಪೈಪಿಗೂ ಆಕ್ಸಲ್‌ಗೂ, ಪೈಪಿಗೂ ಬ್ರೇಕ್ ಲೈನಿಗೂ ಎಷ್ಟಿದೆ ನೋಡಿ. ಎರಡು ಬೆರಳು ಆಡದಿದ್ದರೆ ಬೆಂಡ್ ಬದಲಿಸಲೇಬೇಕು. ಯಾವ ಭಾಗವೂ ಚಾಸಿ ರೈಲಿಗಿಂತ ಕೆಳಗೆ ಇಣುಕಬಾರದು.

ಮಫ್ಲರ್ ಆಯ್ಕೆ ನಮ್ಮ ಮಲೆನಾಡಿಗೆ ಒಪ್ಪುವುದಿಲ್ಲ. ತೂತು ಕೊಳವೆಯ ಸುತ್ತ ಗ್ಲಾಸ್ ವುಲ್ ತುಂಬಿದ ಮಾದರಿ ಅದು. ಹಳ್ಳ ದಾಟಿದಾಗ ನೀರು ಹೀರಿ, ವುಲ್ ಮುದ್ದೆಯಾಗಿ, ಆಮೇಲೆ ಪುಡಿಯಾಗಿ ಹೊರಬರುತ್ತದೆ. 2700 ಆರ್‌ಪಿಎಂ ಆಸುಪಾಸಿನ 90 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ವುಲ್ ಹೀರುವುದೂ ಕಡಿಮೆ; ಸಾಫ್ಟ್ ಟಾಪ್ ಒಳಗೆ ಕಿವಿ ಕಟ್ಟುತ್ತದೆ. ಚೇಂಬರ್ ಮಾದರಿ (ವುಲ್ ಇಲ್ಲದೆ ಒಳಗೆ ಕೋಣೆಗಳಿರುವುದು) ಕೇಳಿ ಹಾಕಿಸಿ, ನೀರು ಇಳಿದುಹೋಗಲು ಅದರ ಅತಿ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಕೊರೆಸಿ. ಹೆಡರ್‌ಗೆ ಸುತ್ತುವ ಹೀಟ್ ವ್ರ್ಯಾಪ್ (ಶಾಖ ತಡೆಯುವ ಪಟ್ಟಿ) ಮಳೆನಾಡಿನಲ್ಲಿ ಒದ್ದೆ ಹಿಡಿದಿಡುತ್ತದೆ, ಬೇಡ.

ಕ್ಯಾಟ್ ತೆಗೆಸುವ ಸಲಹೆಗೆ ಕಿವಿಗೊಡಬೇಡಿ. ಇಷ್ಟು ಚಿಕ್ಕ ಎಂಜಿನ್‌ನಲ್ಲಿ ಅದರಿಂದ ಸಿಗುವುದು ಅತ್ಯಲ್ಪ. ಎಮಿಷನ್ ಟೆಸ್ಟ್ ಕೈಕೊಡುತ್ತದೆ; ಮೋಟಾರು ವಾಹನ ಕಾಯ್ದೆಯ 190(2) ಕಲಮಿನಡಿ ಹೊಗೆಗೂ ಸದ್ದಿಗೂ 10,000 ರೂಪಾಯಿವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಕ್ಯಾಟ್ ಆದಷ್ಟು ಮೇಲೆ ಕೂತಿರಲಿ. ಕೆಂಪಗೆ ಕಾದಾಗ ಹೊಳೆ ನೀರು ಬಡಿದರೆ ಒಳಗಿನ ಸೆರಾಮಿಕ್ ಸೀಳುತ್ತದೆ.

ಹೆಡರ್, ಫ್ಲೆಕ್ಸ್, ಒಂದೂಮುಕ್ಕಾಲು ಇಂಚಿನ ಪೈಪು ತೆಗೆದುಕೊಳ್ಳಿ. ಮಫ್ಲರ್ ಬೇರೆ ಹಾಕಿಸಿ. ಬಿಲ್ಲಿನಲ್ಲಿ 304 ಎಂದು ಬರೆಸಿ, ಅಂಗಡಿಯಲ್ಲೇ ಒಂದು ಅಯಸ್ಕಾಂತ ಇಟ್ಟು ನೋಡಿ: ನೇರ ಪೈಪಿಗೆ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ.