ಕ್ಯಾಲ್‌ಟೋಪೋ ವಿಮರ್ಶೆ: ಬೆಟ್ಟ ಬಲ್ಲದು, ಗೇಟು ಅರಿಯದು

ಹಿಮದ ಬೆಟ್ಟಕ್ಕೆ ದಾರಿ ಗೊತ್ತುಮಾಡಲು ಯಾವ ನಕ್ಷೆ ಒಳ್ಳೆಯದು ಎಂದು ಕೇಳಿದರೆ ನಮ್ಮ ಉತ್ತರ ಕ್ಯಾಲ್‌ಟೋಪೋ. ಅಮೆರಿಕದಲ್ಲಿ ಹುಟ್ಟಿದ ಈ ನಕ್ಷೆ ಸೇವೆ ಬ್ರೌಸರಿನಲ್ಲೂ ಓಡುತ್ತದೆ, ಫೋನಿನಲ್ಲೂ ಓಡುತ್ತದೆ; ಅಲ್ಲಿನ ಶೋಧ ಮತ್ತು ರಕ್ಷಣಾ ತಂಡಗಳೂ ಇದನ್ನು ಬಳಸುತ್ತವೆ. ಇಳಿಜಾರನ್ನು ಇಷ್ಟು ಸಲೀಸಾಗಿ ಓದಿಸುವ ಸಾಧನ ಸಿಗುವುದು ಕಷ್ಟ. ಆದರೆ ಕಾರು ಎಲ್ಲಿಯವರೆಗೆ ಹೋಗುತ್ತದೆ ಎನ್ನುವ ಮೊದಲ ಪ್ರಶ್ನೆಗೇ ಇದು ತಡವರಿಸುತ್ತದೆ. ಹಾಗಾಗಿ ವಿಮರ್ಶೆಯನ್ನೂ ರಸ್ತೆಯಿಂದಲೇ ಶುರುಮಾಡೋಣ.

ನಕ್ಷೆಯಲ್ಲಿ ಟ್ರೆಕ್ ಶುರುವಾಗುವ ಜಾಗ ಅಂತ ಗುರುತಿರುವುದು ಬೇಸಿಗೆಯ ಜಾಗ. ಹಿಮ ಬಿದ್ದ ಮೇಲೆ ಆ ರಸ್ತೆಗೆ ಕೆಳಗಡೆ ಎಲ್ಲೋ ಗೇಟು ಬೀಳುತ್ತದೆ, ಇಲ್ಲವೇ ಹಿಮ ತೆಗೆಯುವ ಗಾಡಿ ಅರ್ಧದಲ್ಲೇ ತಿರುಗಿ ಹೋಗುತ್ತದೆ. ಕ್ಯಾಲ್‌ಟೋಪೋದ ರಸ್ತೆಗೆರೆ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಮೇಲಿನ ತನಕ ಹೋಗಿರುತ್ತದೆ. ಕಾರಿನ ನ್ಯಾವಿಗೇಶನ್‌ಗೆ ಟ್ರೇಲಿನ ಹೆಸರು ಕೊಟ್ಟರೂ ಇದೇ ಕಥೆ: ಮುಚ್ಚಿದ ರಸ್ತೆಯ ಬಾಯಿಗೆ ತಂದು ನಿಲ್ಲಿಸುತ್ತದೆ. ಗೇಟು ಇರುವ ಜಾಗದ ಅಕ್ಷಾಂಶ ರೇಖಾಂಶವನ್ನು ಮಾರ್ಕರ್ ಮಾಡಿ, ಅದನ್ನೇ ಕಾರಿಗೆ ಕೊಡಿ.

ಗೇಟು ಎಲ್ಲಿದೆ ಎಂದು ತಿಳಿಯಲು ಆ ರಸ್ತೆ ನೋಡಿಕೊಳ್ಳುವ ಇಲಾಖೆಯ ಪ್ರಕಟಣೆಯೇ ಮೊದಲ ಆಧಾರ. ಎರಡನೆಯದು ಕ್ಯಾಲ್‌ಟೋಪೋದ ಒಳಗೇ ಇದೆ, ಬಹಳ ಜನ ಅದನ್ನು ತೆರೆದೇ ನೋಡುವುದಿಲ್ಲ: ಸೆಂಟಿನೆಲ್ ಉಪಗ್ರಹದ ಚಿತ್ರಗಳ ಪದರ. ಒಂದು ಪಿಕ್ಸೆಲ್ ಅಂದರೆ 10 ಮೀಟರ್ ಚೌಕ, ಆದ್ದರಿಂದ ಗೇಟಿನ ಕಂಬ ಕಾಣುವುದಿಲ್ಲ. ಆದರೆ ಬಯಲಿನಲ್ಲಿ ಹಿಮ ತೆಗೆದ ರಸ್ತೆ ಬಿಳಿ ಬಟ್ಟೆಯ ಮೇಲಿನ ಕಪ್ಪು ದಾರದ ಹಾಗೆ ಕಾಣುತ್ತದೆ. ಆ ದಾರ ಎಲ್ಲಿ ಮಾಸಿ ಹೋಗುತ್ತದೋ ಅಲ್ಲಿಯವರೆಗೇ ಗಾಡಿ ಹೋಗಿದೆ. ಎರಡು ಬೇರೆ ಬೇರೆ ದಿನಾಂಕದ ಚಿತ್ರ ನೋಡಿ; ಒಂದರಲ್ಲಿ ಮಾಸಿದ್ದು ಮೋಡದ ನೆರಳೂ ಆಗಿರಬಹುದು. ದಟ್ಟ ಕಾಡಿನೊಳಗಿನ ರಸ್ತೆಗೆ ಈ ಉಪಾಯ ನಡೆಯುವುದಿಲ್ಲ. ಇನ್ನು ಪಾರ್ಕಿಂಗ್: ರಸ್ತೆ ಕೊನೆಯಾಗುವಲ್ಲಿ ಕಾಣುವ ಅಗಲವಾದ ಜಾಗ ಸಾಮಾನ್ಯವಾಗಿ ಹಿಮದ ಗಾಡಿ ತಿರುಗುವ ಜಾಗ. ಅಲ್ಲಿ ಕಾರು ಬಿಟ್ಟರೆ ವಾಪಸು ಬರುವ ಹೊತ್ತಿಗೆ ಅದು ಹಿಮದ ಗೋಡೆಯ ಹಿಂದೆ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಯಾರೋ ಎಳೆದುಕೊಂಡು ಹೋಗಿರುತ್ತಾರೆ.

ಗೇಟು ಕೆಳಗೆ ಸರಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಬೇಸಿಗೆಯ ದಾರಿ ಒಂದು ಕಡೆಗೆ 5 ಕಿ.ಮೀ., ಏರಿಕೆ 700 ಮೀಟರ್ ಎಂದಿಟ್ಟುಕೊಳ್ಳೋಣ. ಗೇಟು ಅಲ್ಲಿಂದ 4 ಕಿ.ಮೀ. ಹಿಂದೆ, 250 ಮೀಟರ್ ಕೆಳಗೆ. ಸ್ವಿಸ್ ಪರ್ವತ ಮಾರ್ಗದರ್ಶಿ ವರ್ನರ್ ಮುಂಟರ್ ಹೆಸರಿನ ಲೆಕ್ಕದಲ್ಲಿ ಒಂದು ಕಿ.ಮೀ. ದೂರಕ್ಕೆ ಒಂದು ಅಂಕ, 100 ಮೀಟರ್ ಏರಿಳಿತಕ್ಕೆ ಇನ್ನೊಂದು. ನಡೆದು ಏರುವಾಗ ಗಂಟೆಗೆ 4 ಅಂಕ, ಇಳಿಯುವಾಗ 6. ಮುರಿಯದ ಹಿಮದಲ್ಲಿ ಹೆಜ್ಜೆ ಕೊರೆಯುತ್ತಾ ಹೋಗುವುದಾದರೆ 2 ಸಿಕ್ಕರೆ ಪುಣ್ಯ. ಬೇಸಿಗೆಯ 12 ಅಂಕಕ್ಕೆ ಏರಲು 3 ಗಂಟೆ, ಇಳಿಯಲು 2. ಚಳಿಗಾಲದಲ್ಲಿ, ಅದುಮಿ ಗಟ್ಟಿಯಾದ ರಸ್ತೆಯ 6.5 ಅಂಕಕ್ಕೆ ಒಂದೂಮುಕ್ಕಾಲು ಗಂಟೆಯ ಹತ್ತಿರ, ಮೇಲಿನ 12 ಅಂಕಕ್ಕೆ 6 ಗಂಟೆ. ವಾಪಸು ನಿಮ್ಮದೇ ಹೆಜ್ಜೆಗುರುತಿನಲ್ಲಿ ಗಂಟೆಗೆ 4ರಂತೆ 3 ಗಂಟೆ, ರಸ್ತೆಗೆ ಇನ್ನೊಂದು. ಒಟ್ಟು ಹನ್ನೆರಡರ ಹತ್ತಿರ, ಅದೂ ಎಲ್ಲೂ ಕೂರದೆ. ಉತ್ತರದ 45 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲು 9 ಗಂಟೆಗೂ ಕಡಿಮೆ. ಐದು ಗಂಟೆಯ ಬೆಟ್ಟ ಹಗಲಿಗಿಂತ ಉದ್ದವಾಯಿತು. ಶಿಖರ ಬಿಟ್ಟು ಹತ್ತಿರದ ಏಣಿನವರೆಗೆ (ಬೆಟ್ಟದ ಬೆನ್ನುಗೆರೆಯವರೆಗೆ) ಹೋಗುವುದೋ, ಕತ್ತಲಲ್ಲೇ ಹೊರಟು ಹೆಡ್‌ಲ್ಯಾಂಪಿನಲ್ಲಿ ರಸ್ತೆ ಮುಗಿಸುವುದೋ ಎಂದು ಮನೆಯಲ್ಲೇ ತೀರ್ಮಾನಿಸಬೇಕು. ವಾಪಸು ತಿರುಗುವ ಸಮಯವನ್ನೂ ಈ ಲೆಕ್ಕದಿಂದಲೇ ತೆಗೆದು ಮಾರ್ಕರಿನ ಹೆಸರಿನಲ್ಲೇ ಬರೆದಿಡಿ.

ಕ್ಯಾಲ್‌ಟೋಪೋ ಮೆರೆಯುವುದು ಗೆರೆ ಎಳೆಯುವಾಗ. ಗೆರೆಯ ಪ್ರೊಫೈಲ್ ತೆರೆದರೆ ದೂರ, ಏರಿಕೆ, ಇಳಿಕೆ ಎಲ್ಲ ಕೈಗೆ ಬರುತ್ತದೆ. ಟ್ರೇಲಿಗೆ ಅಂಟಿಕೊಂಡು ಹೋಗುವ ಸ್ನ್ಯಾಪ್ ಸೌಲಭ್ಯ ಚೊಕ್ಕವಾಗಿದೆ, ಚಳಿಗಾಲದಲ್ಲಿ ಅದೇ ಉರುಳೂ ಹೌದು. ಬೇಸಿಗೆಯ ಕಾಲುದಾರಿ ಬೆಟ್ಟದ ಪಕ್ಕೆಯನ್ನು ಅಡ್ಡಹಾಯುತ್ತಾ, ಕೊರಕಲುಗಳನ್ನು ದಾಟುತ್ತಾ ಹೋಗುತ್ತದೆ; ಹಿಮಕುಸಿತ ಹರಿಯುವುದೂ ಅಲ್ಲೇ. ಮೇಲಾಗಿ ಹಿಮದಡಿಯಲ್ಲಿ ಆ ದಾರಿಯೇ ಕಾಣುವುದಿಲ್ಲ. ಕಾಡು ಮುಗಿಯುವವರೆಗೆ ಸ್ನ್ಯಾಪ್ ಇರಲಿ, ಅದರಾಚೆ ಅದನ್ನು ನಿಲ್ಲಿಸಿ ಏಣಿನ ಮೇಲೆ ಕೈಯಿಂದಲೇ ಎಳೆಯಿರಿ. ಏಣಿನಲ್ಲೂ ಗಾಳಿ ಬೀಸುವ ದಿಕ್ಕಿನಾಚೆಯ ಅಂಚಿಗೆ ಹಿಮದ ಸೂರು ಕಟ್ಟಿರುತ್ತದೆ, ಕೆಳಗೆ ಆಧಾರವಿರುವುದಿಲ್ಲ. ಅಂಚಿನಿಂದ ಧಾರಾಳ ದೂರ ಬಿಟ್ಟೇ ಗೆರೆ ಹೋಗಲಿ. ಬಿಂದುಗಳನ್ನು ವಿರಳವಾಗಿ ಇಟ್ಟರೆ ತಿರುವುಗಳೆಲ್ಲ ನೇರವಾಗಿ ದೂರ ಕಡಿಮೆ ತೋರಿಸುತ್ತದೆ. ತಿರುವಿಗೊಂದು ಬಿಂದು ಇರಬೇಕು.

ಇಳಿಜಾರು ಎಷ್ಟು ಕಡಿದು ಎಂದು ಬಣ್ಣದಲ್ಲಿ ತೋರಿಸುವ ಪದರವೂ ಇದೆ. ಆ ಬಣ್ಣ 27 ಡಿಗ್ರಿಯಿಂದ ಹಳದಿಯಲ್ಲಿ ಶುರುವಾಗಿ ಕಿತ್ತಳೆಗೆ ತಿರುಗಿ 35ರಿಂದ ಕೆಂಪಾಗುತ್ತದೆ. ಹಿಮಕುಸಿತ ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿಯ ನಡುವೆ, ಆದ್ದರಿಂದ ಈ ಹಂಚಿಕೆ ಅರ್ಥಪೂರ್ಣ. ಆದರೆ ಬಣ್ಣ ಇಲ್ಲದ ಜಾಗವೆಲ್ಲ ಕ್ಷೇಮ ಎಂದುಕೊಂಡವರು ಎರಡು ಕಡೆ ಎಡವುತ್ತಾರೆ.

ಒಂದು, ದೂರದ ಬೆಟ್ಟ ನುಣ್ಣಗೆ ಅನ್ನುವುದು ಇಲ್ಲಿ ಗಾದೆಯಷ್ಟೇ ಅಲ್ಲ, ಗಣಿತ. ಎತ್ತರದ ದತ್ತಾಂಶ 30 ಮೀಟರ್ ಚೌಕದ್ದಾದರೆ, 45 ಡಿಗ್ರಿ ಕಡಿದಾದ 12 ಮೀಟರ್ ಎತ್ತರದ ದಿಬ್ಬ ಆ ಚೌಕದಲ್ಲಿ ಹರಡಿ ಸುಮಾರು 22 ಡಿಗ್ರಿ ಆಗಿಬಿಡುತ್ತದೆ. ಹಳದಿ ಕೂಡ ಬೀಳುವುದಿಲ್ಲ. ಮನುಷ್ಯನನ್ನು ಹೂಳಲು ಅಷ್ಟು ದಿಬ್ಬ ಧಾರಾಳ ಸಾಕು. ಅಮೆರಿಕದ ಹಲವು ಕಡೆ ಲೈಡಾರ್ (ಲೇಸರ್ ಬೆಳಕಿನ) ಅಳತೆಯ ಸೂಕ್ಷ್ಮ ದತ್ತಾಂಶ ಸಿಗುತ್ತದೆ, ಬೇರೆ ದೇಶದ ಬೆಟ್ಟಗಳಿಗೆ ಅದೇ ನಂಬಿಕೆ ಇಡುವಂತಿಲ್ಲ. ಒಂದೇ ಎತ್ತರವನ್ನು ಜೋಡಿಸುವ ಕಾಂಟೂರ್ ಗೆರೆಗಳು ಒತ್ತಾಗಿರುವ ಜಾಗವನ್ನು ಕಣ್ಣಿನಿಂದಲೇ ಹುಡುಕಿ, ಸ್ಥಳದಲ್ಲಿ ಇಳಿಜಾರಿನ ಅಳತೆ ತೆಗೆಯಿರಿ.

ಎರಡು, ಬಣ್ಣ ತೋರಿಸುವುದು ಹಿಮ ಹೊರಡುವ ಜಾಗವನ್ನು. ಬಂದು ಬೀಳುವ ಜಾಗಕ್ಕೆ ಬಣ್ಣವೇ ಇಲ್ಲ. ಕಣಿವೆಯ ತಳದ ಸಮತಟ್ಟು ದಾರಿ ನಕ್ಷೆಯಲ್ಲಿ ಮುಗ್ಧವಾಗಿ ಬೆಳ್ಳಗಿರುತ್ತದೆ. ದಾರಿಯ ಮೇಲಿನ ಒಂದು ಬಿಂದುವಿನಿಂದ ಮೇಲಿನ ಕೆಂಪು ಪಟ್ಟಿಯ ತುದಿಗೆ ಗೆರೆ ಎಳೆದು ಪ್ರೊಫೈಲ್ ನೋಡಿ: 700 ಮೀಟರ್ ಅಡ್ಡದೂರಕ್ಕೆ 300 ಮೀಟರ್ ಎತ್ತರ ಬಂದರೆ ಕೋನ 23 ಡಿಗ್ರಿ. ದೊಡ್ಡ ಹಿಮಕುಸಿತಗಳು 20 ಡಿಗ್ರಿ ಆಸುಪಾಸಿನ ಕೋನದವರೆಗೂ ಓಡುವುದುಂಟು, ಹಾಗಾಗಿ ಆ ದಾರಿ ಅದರ ಕೈಯಳತೆಯಲ್ಲೇ ಇದೆ. ಇದನ್ನು ತಾನಾಗಿ ಲೆಕ್ಕಹಾಕಿ ಎಚ್ಚರಿಸುವ ಒಂದು ಪದರ ಇದ್ದಿದ್ದರೆ ನಾವು ಪೂರ್ತಿ ಅಂಕ ಕೊಡುತ್ತಿದ್ದೆವು. ಆ ದಿನದ ಹಿಮಕುಸಿತ ಮುನ್ಸೂಚನೆಯನ್ನಂತೂ ಯಾವ ಬಣ್ಣವೂ ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ಓದಬೇಕು.

ಬಿಸಿಲಿನ ಪದರ ಉಪಯುಕ್ತ. ದಿನಾಂಕ, ಗಂಟೆ ಕೊಟ್ಟರೆ ಯಾವ ಮುಖಕ್ಕೆ ಬಿಸಿಲು ಬೀಳುತ್ತದೆ ಎಂದು ತೋರಿಸುತ್ತದೆ. ಮಧ್ಯಾಹ್ನಕ್ಕೆ ಮೆತ್ತಗಾಗುವ ಇಳಿಜಾರನ್ನು ಬೆಳಿಗ್ಗೆಯೇ ದಾಟಲು ಅಷ್ಟು ಸಾಕು.

ಫೋನಿಗೆ ನಕ್ಷೆ ಇಳಿಸಿಕೊಳ್ಳಲು ಚಂದಾ ಕಟ್ಟಬೇಕು, ಚಳಿಗಾಲದ ಚಾರಣಕ್ಕೆ ಅದು ದಂಡವಲ್ಲ. ಮೂಲ ನಕ್ಷೆ ಮಾತ್ರ ಇಳಿಸಿ ಇಳಿಜಾರಿನ ಬಣ್ಣದ ಪದರ ಮರೆಯುವವರೇ ಹೆಚ್ಚು. ಅದನ್ನೂ ಬೇರೆಯಾಗಿ ಆರಿಸಬೇಕು. ಗೇಟಿನಿಂದ ಶಿಖರದವರೆಗಿನ ಪೂರ್ತಿ ಪ್ರದೇಶ ಇರಲಿ, ತಪ್ಪಿದರೆ ಇಳಿಯಬೇಕಾದ ಪಕ್ಕದ ಕಣಿವೆಯೂ ಇರಲಿ. ಮನೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ ಜೂಮ್ ಮಾಡಿ ನೋಡಿ. ಚಳಿಗೆ ಫೋನಿನ ಬ್ಯಾಟರಿ 40 ಪರ್ಸೆಂಟಿನಿಂದ ಸೀದಾ ಆರಿಹೋಗುವುದು ಮಾಮೂಲು, ಒಳಜೇಬಿನಲ್ಲಿಡಿ.

ಅದಕ್ಕೇ ಕಾಗದ. 1:25000 ಅಳತೆಯ ಪಿಡಿಎಫ್ ತೆಗೆದು ಪ್ರಿಂಟ್ ಹಾಕುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದುಹಾಕಿ, 100 ಪರ್ಸೆಂಟಿಗೆ ಇಡಿ. ಇಲ್ಲದಿದ್ದರೆ ಪ್ರಿಂಟರ್ ನಕ್ಷೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿ: ಒಂದು ಕಿ.ಮೀ. ಸರಿಯಾಗಿ 4 ಸೆಂ.ಮೀ. ಬರಬೇಕು.