ಚಂದಾ ಮುಗಿದರೆ ಹಳೆ ಬಿಲ್ಲಿಗೂ ಬೀಗ: ನಮ್ಮ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್

ಕಲಬುರಗಿಯ ನೆಹರು ಗಂಜ್ ಹತ್ತಿರ ನಮ್ಮದು ಕಿರಾಣಿ ಅಂಗಡಿ. ಕೆಲವು ವರ್ಷಗಳಿಂದ ಚಂದಾ ಕಟ್ಟಿ ಈ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ವರ್ಷಕ್ಕೆ 3,600 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4,248. ರೇಟಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ಚಂದಾ ಮುಗಿಯೋದು ಆಗಸ್ಟ್‌ನಲ್ಲಿ. ನಮ್ಮ ಕಡೆ ಆಗ ಎಲ್ಲರ ಕೈ ಖಾಲಿ. ತೊಗರಿ ಇನ್ನೂ ಹೊಲದಲ್ಲಿರುತ್ತದೆ. ರಾಶಿ ಮಾಡಿ, ಮಾರಿ, ಜನ ಉದ್ರಿ ಚುಕ್ತಾ ಮಾಡೋದು ಜನವರಿ, ಫೆಬ್ರವರಿಗೆ. ಹೋದ ವರ್ಷ ಚಂದಾ ಕಟ್ಟೋದು ಸ್ವಲ್ಪ ತಡವಾಯಿತು. ಹೊಸ ಬಿಲ್ ಮಾಡಕ್ಕಾಗಲ್ಲ ಅಂದರೆ ಒಪ್ಪೋಣ. ಹಳೆ ಬಿಲ್ಲೂ ತೆರೆಯಲಿಲ್ಲ! ಉದ್ರಿ ಪಟ್ಟಿಯೂ ಮಾಯ. ಪರದೆ ಮೇಲೆ ‘ರಿನ್ಯೂ ಮಾಡಿ’ ಅನ್ನೋ ಬಟನ್ ಒಂದೇ. ಜಿಎಸ್‌ಟಿ ಕಾಯ್ದೆ ನೋಡಿದರೆ, ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು ಅನ್ನುತ್ತದೆ. ಅಷ್ಟೂ ದಿನ ನನ್ನದೇ ಬಿಲ್ ನೋಡೋಕೆ ಇವರಿಗೆ ದುಡ್ಡು ಕಟ್ಟುತ್ತಲೇ ಇರಬೇಕಾ? ಅಪ್ಪನ ಕೆಂಪು ಬಟ್ಟೆಯ ಕಿರ್ದಿಗಳು ಇನ್ನೂ ಅಟ್ಟದ ಮೇಲಿವೆ. ಧೂಳು ಒರೆಸಿದರೆ ಸಾಕು.

ಹಾಗಂತ ಪೂರ್ತಿ ಬೈಯೋಕೂ ಮನಸ್ಸಿಲ್ಲ. ರಾತ್ರಿ ಶಟರ್ ಅರ್ಧ ಇಳಿಸಿ, ಗಲ್ಲಾದ ನೋಟು ಎಣಿಸಿ ರಬ್ಬರ್ ಹಾಕಿ, ಫೋನ್‌ಪೇದು ಕೂಡಿಸಿ, ಪರದೆ ಮೇಲಿನ ಮೊತ್ತಕ್ಕೆ ತಾಳೆಯಾದರೆ ಆ ಖುಷಿನೇ ಬೇರೆ. (ಹತ್ತು ರೂಪಾಯಿ ಜಾಸ್ತಿ ಬಂದರೂ ನನಗೆ ನಿದ್ದೆ ಬರಲ್ಲ.) ಗಿರಾಕಿಗಳೂ ಈಗ ಚೀಟಿ ಕೇಳಲ್ಲ, ‘ಕಾಕಾ, ವಾಟ್ಸಾಪಿಗಿ ಹಾಕ್ರಿ’ ಅಂತಾರೆ. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ 12ರಿಂದ 5ಕ್ಕೆ, ಶಾಂಪೂ, ಬಿಸ್ಕಿಟ್‌ದು 18ರಿಂದ 5ಕ್ಕೆ ಇಳಿಯಿತಲ್ಲ, ಬೆಳಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಹೊಸ ದರ ಬಂದಿತ್ತು. ಒಂದೊಂದೇ ಐಟಂ ನಾನೇ ತಿದ್ದುತ್ತ ಕೂತಿದ್ದರೆ ದಸರಾ ಮುಗಿದು ಹೋಗುತ್ತಿತ್ತು.

ಇಂಥ ಕೆಲಸಕ್ಕೆ ವರ್ಷಾ ವರ್ಷಾ ಕೊಡೋದು ನ್ಯಾಯವೇ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಲೈಸೆನ್ಸ್ ಒಮ್ಮೆ ಕೊಂಡುಬಿಡಬಹುದು, ಅಪ್‌ಡೇಟ್‌ಗೆ ಟಿಎಸ್‌ಎಸ್ ಅಂತ ಬೇರೆ ಕಟ್ಟಬೇಕು. ಅದನ್ನು ರಿನ್ಯೂ ಮಾಡದಿದ್ದರೂ ಹಳೆ ಲೆಕ್ಕ ತೆರೆಯುತ್ತದೆ. ನನಗೆ ಬೇಕಿದ್ದದ್ದೂ ಇದೇ. ಆದರೆ ಮೊದಲೇ ದೊಡ್ಡ ಮೊತ್ತ ಹಾಕಬೇಕು, ಅಷ್ಟು ಒಮ್ಮೆಲೇ ತೆಗೆಯೋದು ನಮ್ಮಂಥ ಅಂಗಡಿಗೆ ಕಷ್ಟ.

ಸದ್ಯಕ್ಕೆ ಇದನ್ನೇ ಮುಂದುವರಿಸಿದ್ದೇನೆ. ತಿಂಗಳ ಕೊನೆಗೆ ಬಿಲ್ಲುಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ. ತಗೊಳ್ಳೋರು ಡೆಮೊ ಕೊಡೋಕೆ ಬಂದವರನ್ನು ಮೊದಲು ಇದನ್ನೇ ಕೇಳಿ: ಚಂದಾ ಮುಗಿದ ಮೇಲೆ ಹಳೆ ಬಿಲ್ ಕಾಣುತ್ತಾ? ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್.